ಕೀಲಿ ಯಾರ ಕೈಲಿದೆ? ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವ ಮುನ್ನ ಕಾನೂನು ಹಿಡಿದು ಪರೀಕ್ಷಿಸುವುದು ಹೇಗೆ

ನನ್ನ ದೊಡ್ಡಪ್ಪನ ಮಗನಿಗೆ ಜಾಗ ಹುಡುಕುತ್ತಿದ್ದಾಗ ಯಾರೋ ಒಂದು ನಂಬರ್ ಕೊಟ್ಟರು. ಫೋನ್ ಮಾಡಿದೆ. ಆ ಕಡೆಯವರು ಹೆಸರು ಕೂಡ ಕೇಳಲಿಲ್ಲ. "ಲೊಕೇಶನ್ ವಾಟ್ಸಾಪ್ ಮಾಡಿ ಸರ್. ನಾಲ್ಕು ಜನ ಹುಡುಗರು ವ್ಯಾನ್‌ನಲ್ಲಿ ಬರ್ತಾರೆ. ನೀವು ಬಾಗಿಲು ತೆಗೆದ್ರೆ ಸಾಕು" ಅಂದರು. ಡಾಕ್ಟರ್ ಒಮ್ಮೆ ನೋಡಬೇಕಲ್ವಾ ಎಂದೆ. "ಅದೆಲ್ಲ ಆಮೇಲೆ ನೋಡ್ಕೊಳ್ಳೋಣ."

ಆ "ಆಮೇಲೆ" ನನಗೆ ಹಿಡಿಸಲಿಲ್ಲ. ಕಾನೂನು ತೆಗೆದು ಓದಿದೆ. ಓದಿದ ಮೇಲೆ ಗೊತ್ತಾಯಿತು, ಅವರು ಆಮೇಲೆ ಎಂದದ್ದನ್ನೆಲ್ಲ ಕಾನೂನು ಮೊದಲೇ ಮಾಡಿ ಎನ್ನುತ್ತದೆ. ಈ ಬರಹ ನನ್ನಂತೆ ರಾತ್ರಿ ಹನ್ನೊಂದಕ್ಕೆ ಫೋನ್ ಹಿಡಿದು ಕೂತ ಮನೆಯವರಿಗೆ. ಜಾಗ ನೋಡುವುದು, ಪತ್ರ ಕೇಳುವುದು, ಸೇರಿಸುವುದು, ತಪ್ಪು ಕಂಡರೆ ದೂರು ಕೊಡುವುದು, ಎಲ್ಲವೂ ಇಲ್ಲಿದೆ.

ಮೊದಲ ಹೆಜ್ಜೆ: ಬೇಕಿರುವುದು ಆಸ್ಪತ್ರೆಯೋ, ಮನೆಯೋ?

ಈ ಎರಡನ್ನೂ ನಾವು "ರಿಹ್ಯಾಬ್" ಎಂಬ ಒಂದೇ ಪದದಲ್ಲಿ ಸುತ್ತಿಬಿಡುತ್ತೇವೆ. ಅಲ್ಲೇ ಮೊದಲ ತಪ್ಪು ಆಗುವುದು.

ದಿನವೂ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಗಲು ಶುರುವಾಗುತ್ತದೆ. ಬೆವರು, ವಾಂತಿ, ನಿದ್ದೆ ಇಲ್ಲ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು-ಮೂರು ದಿನ ಕಳೆದ ಮೇಲೆ ಕೆಲವರಿಗೆ ದಿಕ್ಕೇ ತಪ್ಪುತ್ತದೆ. ಗೋಡೆ ಮೇಲೆ ಹುಳ ಹರಿದಂತೆ ಕಾಣುತ್ತದೆ, ಮನೆಯವರ ಗುರುತು ಸಿಗುವುದಿಲ್ಲ, ಎದೆಬಡಿತ ಏರುತ್ತದೆ. ಇದಕ್ಕೆ ವೈದ್ಯರು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಥಯಾಮಿನ್ ಎಂಬ ಬಿ1 ವಿಟಮಿನ್ ಕಡಿಮೆಯಾಗಿ ಮೆದುಳಿಗೆ ಪೆಟ್ಟು ಬೀಳುವುದೂ ಉಂಟು. ಇದು ವಾರ್ಡನ್ ನೋಡಿಕೊಳ್ಳುವ ಕೆಲಸವಲ್ಲ. ಕೋಣೆಗೆ ಹಾಕಿ ಚಿಲಕ ಹಾಕಿದರೆ ಇಳಿಯುವ "ನಶೆ"ಯೂ ಅಲ್ಲ.

ಹಾಗಾಗಿ ಈಗಲೂ ಕುಡಿಯುತ್ತಿರುವವರನ್ನು ಮೊದಲು ಕರೆದುಕೊಂಡು ಹೋಗಬೇಕಾದದ್ದು ಆಸ್ಪತ್ರೆಗೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ವಿಭಾಗವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಎಲ್ಲಿಂದ ಶುರು ಮಾಡಬೇಕು ಗೊತ್ತಾಗದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಚಟಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ಮನೆ ಬೇಕಾಗುವುದು ಅದಾದ ಮೇಲೆ. ಮೈಯಿಂದ ಮದ್ಯ ಇಳಿದಿದೆ, ಆದರೆ ಅದೇ ಬೀದಿ, ಅದೇ ಗೆಳೆಯರು, ಅದೇ ಬಾರ್ ದಾಟಿಕೊಂಡು ಮನೆಗೆ ಹೋಗಬೇಕು. ನಮ್ಮ ಹಳ್ಳಿಗಳಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ನೋಡಿದವರಿಗೆ ಇದು ಗೊತ್ತು. ಎಂಟು ದಿನದ ಶಿಬಿರ ಮುಗಿದ ಮೇಲೂ ನವಜೀವನ ಸಮಿತಿ ಎಂದು ಕೂಟ ನಡೆಯುತ್ತದೆ. ಎಂಟು ದಿನ ಬಿಡುವುದು ಒಂದು ತೂಕ, ಒಂಬತ್ತನೇ ದಿನದಿಂದ ಬಿಟ್ಟಿರುವುದು ಇನ್ನೊಂದು ತೂಕ. ಆಸ್ಪತ್ರೆಗೂ ಸ್ವಂತ ಮನೆಗೂ ನಡುವೆ ಕೆಲವು ತಿಂಗಳು ಇರುವ ಜಾಗಕ್ಕೆ ಹಾಫ್‌ವೇ ಹೋಂ, ಸೋಬರ್ ಹೋಂ, ಆಫ್ಟರ್‌ಕೇರ್ ಎಂದೆಲ್ಲ ಹೆಸರಿದೆ.

ಒಂದು ಎಚ್ಚರಿಕೆ. "ಅವರಿಗೇ ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕೊಡಿ" ಎಂಬ ಪುಡಿಗಳ ಜಾಹೀರಾತು ಬಸ್‌ಸ್ಟ್ಯಾಂಡ್ ಗೋಡೆಯಲ್ಲಿ ನೋಡಿರುತ್ತೀರಿ. ಅದರಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಡೈಸಲ್ಫಿರಾಂ ಎಂಬ ನಿಜವಾದ ಔಷಧಿಯನ್ನೂ ಹೀಗೆ ಕದ್ದು ಕೊಡುವವರಿದ್ದಾರೆ. ಅದರ ಮೇಲೆ ಮದ್ಯ ಬಿದ್ದರೆ ಮುಖ ಕೆಂಪಾಗಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯದ ತೊಂದರೆ ಇದ್ದವರಿಗೆ ಕಷ್ಟ. ಗೊತ್ತಿದ್ದೇ ನುಂಗಬೇಕಾದ ಮಾತ್ರೆ ಅದು.

ಎರಡನೇ ಹೆಜ್ಜೆ: ಆ ಜಾಗ ಕಾನೂನಿನ ಒಳಗೆ ಬರುತ್ತದಾ?

"ನಾವು ಆಸ್ಪತ್ರೆ ಅಲ್ಲ ಸರ್, ಟ್ರಸ್ಟು. ನಮಗೆ ಲೈಸೆನ್ಸ್ ಬೇಕಿಲ್ಲ." ನಾನು ನೋಡಿದ ಜಾಗಗಳಲ್ಲಿ ಈ ಮಾತು ಒಂದಕ್ಕಿಂತ ಜಾಸ್ತಿ ಸಲ ಕೇಳಿಸಿತು. ತಪ್ಪು ಮಾತು.

ಇಲ್ಲಿ ನಡೆಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಜಾರಿಗೆ ಬಂದದ್ದು 2018ರ ಮೇ ತಿಂಗಳಲ್ಲಿ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಅದು ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಸೇರಿಸಿದೆ. ಅಂಥವರನ್ನು ಆರೈಕೆ, ಚಿಕಿತ್ಸೆ, ಚೇತರಿಕೆ ಅಥವಾ ಪುನರ್ವಸತಿಗಾಗಿ ಇರಿಸಿಕೊಳ್ಳುವ ಜಾಗ ಯಾವ ಹೆಸರಲ್ಲಿದ್ದರೂ ಅದು ಮಾನಸಿಕ ಆರೋಗ್ಯ ಸಂಸ್ಥೆಯೇ. ನಡೆಸುವವರು ಟ್ರಸ್ಟ್ ಆಗಿರಲಿ, ಸೊಸೈಟಿ ಆಗಿರಲಿ, ಒಬ್ಬ ವ್ಯಕ್ತಿ ಆಗಿರಲಿ. ಆಯುರ್ವೇದ, ಯೋಗ, ಪ್ರಕೃತಿ ಚಿಕಿತ್ಸೆ ಎಂದರೂ ಬಿಡುವುದಿಲ್ಲ. 65ನೇ ಕಲಂ ಪ್ರಕಾರ ನೋಂದಣಿ ಇಲ್ಲದೆ ಇಂಥ ಜಾಗ ನಡೆಸುವಂತಿಲ್ಲ. ನಮ್ಮ ರಾಜ್ಯದಲ್ಲಿ ನೋಂದಣಿ ಮಾಡುವುದು ಕರ್ನಾಟಕ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ.

ಒಂದು ವಿನಾಯಿತಿ ಮಾತ್ರ ಇದೆ. ಸಂಬಂಧಿಕರ ಅಥವಾ ಸ್ನೇಹಿತರ ಜೊತೆ ವಾಸಿಸುವ ಮನೆ ಇದರಲ್ಲಿ ಬರುವುದಿಲ್ಲ. ಈ ಒಂದು ಸಾಲು ನನಗೆ ತುಂಬ ಇಷ್ಟವಾಯಿತು, ಯಾಕೆಂದು ಹೇಳುತ್ತೇನೆ.

1975ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಸಿಲ್ವರ್ ಸ್ಪ್ರಿಂಗ್‌ನಲ್ಲಿ ಒಂದು ಹಾಫ್‌ವೇ ಹೋಂ ಮುಚ್ಚುವುದರಲ್ಲಿತ್ತು. ಅಲ್ಲಿ ಇದ್ದವರು, ಪಾಲ್ ಮೊಲ್ಲಾಯ್ ಮತ್ತವರ ಜೊತೆಗಾರರು, ಆ ಮನೆಯನ್ನೇ ಬಾಡಿಗೆಗೆ ಹಿಡಿದರು. ಆಕ್ಸ್‌ಫರ್ಡ್ ಹೌಸ್ ಎಂದು ಹೆಸರಿಟ್ಟರು. ವಾರ್ಡನ್ ಇಲ್ಲ, ಮ್ಯಾನೇಜರ್ ಇಲ್ಲ. ಬಾಡಿಗೆ ಸಮಪಾಲು. ತೀರ್ಮಾನವೆಲ್ಲ ಓಟು ಹಾಕಿ. ಕುಡಿದು ಬಂದರೆ ಅವತ್ತೇ ಮನೆ ಬಿಡಬೇಕು. ಬಾಗಿಲ ಕೀಲಿ ಎಲ್ಲರ ಜೇಬಿನಲ್ಲೂ. ಈಗ ಅಂಥ ಮನೆಗಳು ಸಾವಿರಾರು ಆಗಿವೆ.

ನಮ್ಮಲ್ಲಿ ಇದು ತಲೆಕೆಳಗು. ಕೀಲಿ ವಾರ್ಡನ್ ಸೊಂಟದಲ್ಲಿ. ಚಟ ಬಿಟ್ಟ ನಾಲ್ವರು ಗೆಳೆಯರು ಸೇರಿ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಮನೆ ಹಿಡಿದು ಒಬ್ಬರಿಗೊಬ್ಬರು ಕಾವಲಿದ್ದರೆ ಅದನ್ನು ಸ್ನೇಹಿತರ ಮನೆ ಎನ್ನಬಹುದು. ಆದರೆ ಬೋರ್ಡ್ ಹಾಕಿ, ಫೀಸು ತೆಗೆದುಕೊಂಡು, ಮ್ಯಾನೇಜರ್ ಇಟ್ಟು "ಪುನರ್ವಸತಿ" ಎಂದ ಮೇಲೆ ಸ್ನೇಹ ಎಲ್ಲಿ ಬಂತು? ಅದಕ್ಕೆ ನೋಂದಣಿ ಬೇಕು.

ಮೂರನೇ ಹೆಜ್ಜೆ: ನೋಂದಣಿ ಪತ್ರ ಕೇಳಿ, ಓದಿ

ಗೋಡೆಯಲ್ಲಿ ಫ್ರೇಮ್ ಹಾಕಿದ ಪತ್ರಗಳು ಹತ್ತಿರುತ್ತವೆ. ಟ್ರಸ್ಟ್ ಡೀಡ್, ಐಎಸ್‌ಒ, ಯಾವುದೋ ಪ್ರಶಸ್ತಿ, ಮಂತ್ರಿ ಜೊತೆ ಫೋಟೋ. ನಿಮಗೆ ಬೇಕಾದದ್ದು ಒಂದೇ, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ ಕೊಟ್ಟದ್ದು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ತೋರಿಸಿ "ಇದೇ ಅದು" ಎನ್ನುವವರಿದ್ದಾರೆ. ಅದು ಬೇರೆ, ಇದು ಬೇರೆ.

ಪತ್ರದ ಮೇಲೆ ಹೆಸರು, ವಿಳಾಸ, ತಾರೀಕು ನೋಡಿ. ಒಂದು ವಿಳಾಸಕ್ಕೆ ನೋಂದಣಿ ಮಾಡಿಸಿ ಇನ್ನೊಂದು ಕಟ್ಟಡದಲ್ಲಿ ಜನರನ್ನು ಇಡುವುದು ಹಳೆಯ ಚಾಳಿ. ಆಮೇಲೆ "ತಾತ್ಕಾಲಿಕ" ಎಂದಿದೆಯಾ ನೋಡಿ. ಇದು ಮುಖ್ಯ. ಅರ್ಜಿ ಹಾಕಿದ ಹತ್ತು ದಿನದೊಳಗೆ ಪ್ರಾಧಿಕಾರ ತಾತ್ಕಾಲಿಕ ನೋಂದಣಿ ಕೊಡಬೇಕು, ಅದಕ್ಕೂ ಮುಂಚೆ ವಿಚಾರಣೆ ನಡೆಸಲೇಬೇಕೆಂದಿಲ್ಲ. ಅದರ ಅವಧಿ ಹನ್ನೆರಡು ತಿಂಗಳು. ಅಂದರೆ ತಾತ್ಕಾಲಿಕ ಪತ್ರ ಇದ್ದ ಮಾತ್ರಕ್ಕೆ ಅಧಿಕಾರಿಗಳು ಬಂದು ಅಡುಗೆಮನೆ, ಕಕ್ಕಸು ನೋಡಿದ್ದಾರೆ ಎಂದಲ್ಲ. ಆ ನೋಡುವ ಕೆಲಸ ಸದ್ಯಕ್ಕೆ ನಿಮ್ಮದೇ.

ಪ್ರಾಧಿಕಾರ ನೋಂದಾಯಿತ ಸಂಸ್ಥೆಗಳ ಪಟ್ಟಿಯನ್ನು ಡಿಜಿಟಲ್ ರೂಪದಲ್ಲಿ ಇಡಬೇಕೆಂದು ಕಾಯ್ದೆ ಹೇಳುತ್ತದೆ. ಹಾಗಾಗಿ ಗೋಡೆಯ ಪತ್ರವನ್ನು ನಂಬಿ ಸುಮ್ನೆ ಕೂರಬೇಡಿ. ನೋಂದಣಿ ಸಂಖ್ಯೆ ಬರೆದುಕೊಂಡು ಪ್ರಾಧಿಕಾರಕ್ಕೆ ಒಂದು ಇಮೇಲ್ ಹಾಕಿ. ಉತ್ತರ ತಡವಾದರೂ ನೀವು ಕೇಳಿದ್ದಕ್ಕೆ ದಾಖಲೆ ಉಳಿಯುತ್ತದೆ.

ನೋಂದಣಿ ಇಲ್ಲದೆ ನಡೆಸಿದರೆ ದಂಡ ಎಷ್ಟು? ಮೊದಲ ಸಲ 5,000ದಿಂದ 50,000 ರೂಪಾಯಿ. ಎರಡನೇ ಸಲ 2 ಲಕ್ಷದವರೆಗೆ. ಆಮೇಲೆ 5 ಲಕ್ಷದವರೆಗೆ. ತಿಂಗಳಿಗೆ ತಲಾ ಇಷ್ಟು ಸಾವಿರ ಎಂದು ವಸೂಲಿ ಮಾಡುವವರಿಗೆ ಮೊದಲ ದಂಡ ಒಂದು ಬೆಡ್ಡಿನ ಲೆಕ್ಕಕ್ಕೂ ಸಮವಾಗಲಿಕ್ಕಿಲ್ಲ. ಕಾಯ್ದೆಯ ಹಲ್ಲು ಇಲ್ಲಿ ಸ್ವಲ್ಪ ಮೊಂಡು ಎಂಬುದು ನನ್ನ ಅಭಿಪ್ರಾಯ.

ನಾಲ್ಕನೇ ಹೆಜ್ಜೆ: ಒಳಗೆ ಹೋಗುವ ದಾರಿ

ವ್ಯಾನ್ ವಿಷಯಕ್ಕೆ ಬರೋಣ.

ವಯಸ್ಕರನ್ನು ಸೇರಿಸಲು ಕಾಯ್ದೆಯಲ್ಲಿ ಮುಖ್ಯವಾಗಿ ಎರಡು ದಾರಿ. ಮೊದಲನೆಯದು 86ನೇ ಕಲಂ. ಅವರೇ ಒಪ್ಪಿ, ಅವರೇ ಸಹಿ ಹಾಕಿ ಸೇರುವುದು. ಹೀಗೆ ಸೇರಿದವರು "ನಾನು ಹೊರಡುತ್ತೇನೆ" ಎಂದರೆ ಬಿಡಬೇಕು. ಅವರಿಗೋ ಬೇರೆಯವರಿಗೋ ಅಪಾಯ ಇದೆ ಎನಿಸಿದರೆ ಮಾತ್ರ, ಪರೀಕ್ಷೆ ಮಾಡಲು 24 ಗಂಟೆ ತಡೆಯಬಹುದು. ಅಷ್ಟೇ.

ಎರಡನೆಯದು 89ನೇ ಕಲಂ. ಅವರ ನಾಮನಿರ್ದೇಶಿತ ಪ್ರತಿನಿಧಿ ಅರ್ಜಿ ಕೊಡಬೇಕು. ಸೇರಿಸುವ ದಿನ ಅಥವಾ ಅದಕ್ಕೂ ಮುಂಚಿನ ಏಳು ದಿನಗಳಲ್ಲಿ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿರಬೇಕು. ಅವರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು. ತನಗೆ ತಾನೇ ಹಾನಿ ಮಾಡಿಕೊಳ್ಳುವುದು, ಇತರರ ಮೇಲೆ ಕೈ ಮಾಡುವುದು, ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಪಾಯಕ್ಕೆ ಬೀಳುವುದು, ಇಂಥ ಗಂಭೀರ ಸ್ಥಿತಿ ಇದೆ ಎಂದು ಇಬ್ಬರೂ ಹೇಳಬೇಕು. ಬೇರೆ ಯಾವ ಸೌಮ್ಯ ದಾರಿಯೂ ಇಲ್ಲ ಎಂಬುದೂ ಖಾತ್ರಿಯಾಗಬೇಕು. ಹೀಗೆ ಸೇರಿಸಿದರೂ ಮಿತಿ 30 ದಿನ. ಸೇರಿಸಿದ್ದು ಸರಿಯಾ ಎಂದು ನೋಡುವ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಏಳು ದಿನದೊಳಗೆ ತಿಳಿಸಬೇಕು, ಹೆಂಗಸಾದರೆ ಮೂರೇ ದಿನ. 30 ದಿನ ಮೀರಿದರೆ 90ನೇ ಕಲಂ ಪ್ರಕಾರ ಇನ್ನೂ ಬಿಗಿಯಾದ ಪರೀಕ್ಷೆ, ಮಂಡಳಿಯ ಒಪ್ಪಿಗೆ ಬೇಕು.

ಇದರಲ್ಲಿ ನಾಲ್ಕು ಜನ ಹುಡುಗರು ಎಲ್ಲಿ ಬಂದರು? ಹಗ್ಗ ಎಲ್ಲಿ ಬಂತು? "ಆರು ತಿಂಗಳ ಪ್ಯಾಕೇಜ್, ಮಧ್ಯದಲ್ಲಿ ಬಿಡಲ್ಲ" ಎಂಬ ಒಪ್ಪಂದಕ್ಕೆ ನೀವು ಸಹಿ ಹಾಕಿದರೂ ಅದರಿಂದ ಅವರನ್ನು ಕೂಡಿಹಾಕುವ ಹಕ್ಕು ಯಾರಿಗೂ ಬರುವುದಿಲ್ಲ. ಹೆಂಡತಿ ಸಹಿ, ತಾಯಿ ಸಹಿ ಎನ್ನುವುದು ಡಾಕ್ಟರ್ ಪರೀಕ್ಷೆಗೆ ಬದಲಿಯಲ್ಲ.

ಮನೆಯವರ ಸಂಕಟ ನನಗೆ ಗೊತ್ತು. "ಅವನು ಒಪ್ಪೋದೇ ಇಲ್ಲ, ಏನು ಮಾಡೋದು?" ಎಂದು ನಾವೂ ಕೇಳಿದವರೇ. ಒಂದು ಮಾತು ಕೆಲಸಕ್ಕೆ ಬಂತು. ಅಮಲಿಲ್ಲದ ಬೆಳಗ್ಗೆ, ಕೈ ನಡುಗುವ ಹೊತ್ತಲ್ಲಿ, ಬೈಯದೆ "ಡಾಕ್ಟರ್ ಹತ್ತಿರ ಒಮ್ಮೆ ಹೋಗಿ ಬರೋಣ, ಸೇರೋದು ಬಿಡೋದು ಆಮೇಲೆ" ಎಂದೆವು. ಮೂರನೇ ಸಲ ಒಪ್ಪಿದ. ಎಲ್ಲರ ಮನೆಯಲ್ಲೂ ಹೀಗೇ ಆಗುತ್ತದೆ ಎನ್ನಲಾರೆ. ಆದರೆ ಕಟ್ಟಿಸಿಕೊಂಡು ಹೋದವರು ಹೊರಬಂದ ಮೇಲೆ ಮೊದಲು ಮುರಿಯುವುದು ಕಟ್ಟಿಸಿದವರ ಮೇಲಿನ ನಂಬಿಕೆಯನ್ನು.

ನಾಮನಿರ್ದೇಶಿತ ಪ್ರತಿನಿಧಿ ಎಂದರೆ ಗಾಬರಿ ಬೇಡ. ಅವರು ಸ್ವಸ್ಥರಿರುವಾಗ ಬಿಳಿ ಹಾಳೆಯಲ್ಲಿ ಇಂಥವರು ನನ್ನ ಪ್ರತಿನಿಧಿ ಎಂದು ಬರೆದು ಸಹಿಯೋ ಹೆಬ್ಬೆಟ್ಟೋ ಹಾಕಿದರೆ ಸಾಕು. ಬರೆಯದಿದ್ದರೆ ಹತ್ತಿರದ ಸಂಬಂಧಿಕರು ಆಗುತ್ತಾರೆ. ಹದಿನೆಂಟು ತುಂಬದ ಮಕ್ಕಳ ನಿಯಮ ಬೇರೆಯೇ ಇದೆ. ಅವರನ್ನು ದೊಡ್ಡವರ ಜೊತೆ ಇಡುವಂತಿಲ್ಲ, ಪ್ರತಿನಿಧಿ ಅಥವಾ ಅವರು ನೇಮಿಸಿದವರು ಪೂರ್ತಿ ಸಮಯ ಜೊತೆಗಿರಬೇಕು.

ಐದನೇ ಹೆಜ್ಜೆ: ಹೇಳದೆ ಹೋಗಿ, ಮನೆಯೆಲ್ಲ ನೋಡಿ

ಆಫೀಸ್ ರೂಮಿನ ಸೋಫಾದಲ್ಲಿ ಕೂತು ಬರಬೇಡಿ. ಮಲಗುವ ಕೋಣೆ, ಕಕ್ಕಸು, ಅಡುಗೆಮನೆ ನೋಡಬೇಕು ಎನ್ನಿ. "ಪ್ರೈವಸಿ" ಎಂದರೆ ಜನ ಊಟಕ್ಕೆ ಕೂತಾಗ ಖಾಲಿ ಕೋಣೆ ತೋರಿಸಲಿ. ಏನೂ ತೋರಿಸುವುದಿಲ್ಲ ಎಂದರೆ ವಾಪಸ್ ಬನ್ನಿ.

ಕಣ್ಣಿಗೆ ಬೀಳಬೇಕಾದ ಸಂಗತಿಗಳು ಕಾಯ್ದೆಯಲ್ಲೇ ಇವೆ. ಎಲ್ಲರ ತಲೆ ಬೋಳಾಗಿದೆಯಾ? ಬಲವಂತವಾಗಿ ತಲೆ ಬೋಳಿಸುವಂತಿಲ್ಲ. ಎಲ್ಲರೂ ಒಂದೇ ಬಣ್ಣದ ಅಂಗಿ ಹಾಕಿದ್ದಾರಾ? ಯೂನಿಫಾರ್ಮ್ ಬಲವಂತ ಮಾಡುವಂತಿಲ್ಲ. ನೆಲ ಒರೆಸುತ್ತಿರುವವರು ಯಾರು, ಮಾಲೀಕರ ಕಾರು ತೊಳೆಯುತ್ತಿರುವವರು ಯಾರು? ತಮ್ಮ ತಟ್ಟೆ ತಾವು ತೊಳೆದರೆ ಅದು ಮನೆ ರೂಢಿ, ಯಾರೂ ಬೇಡ ಎನ್ನುವುದಿಲ್ಲ. ಆದರೆ ಬಲವಂತವಾಗಿ ದುಡಿಸುವಂತಿಲ್ಲ, ಕೆಲಸ ಮಾಡಿಸಿದರೆ ಕೂಲಿ ಕೊಡಬೇಕು. ಸರಪಳಿ ಯಾವ ರೂಪದಲ್ಲೂ ಇರುವಂತಿಲ್ಲ. ಒಂಟಿ ಕೋಣೆಯಲ್ಲಿ ಕೂಡಿಹಾಕುವಂತಿಲ್ಲ. ಕೈಕಾಲು ಕಟ್ಟುವುದು ಶಿಕ್ಷೆಯಾಗಿ ಎಂದೂ ಇಲ್ಲ. ಅಪಾಯ ತಪ್ಪಿಸಲು ಬೇರೆ ದಾರಿ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ, ಕಾರಣ ಬರೆದಿಟ್ಟು. ಅದನ್ನು 24 ಗಂಟೆಯೊಳಗೆ ಪ್ರತಿನಿಧಿಗೆ ತಿಳಿಸಬೇಕು.

ನಾನು ಹೋದ ಒಂದು ಕಡೆ ಕಿಟಕಿಗೆಲ್ಲ ಹೊರಗಿನಿಂದ ಬೋಲ್ಟ್ ಹಾಕಿದ್ದರು. ಬೆಂಕಿ ಬಿದ್ದರೆ ಏನು ಗತಿ ಎಂದೆ. "ಇಲ್ಲಿ ಯಾರಿಗೂ ಬೆಂಕಿಪೊಟ್ಟಣ ಕೊಡಲ್ಲ ಸರ್" ಎಂದರು. ಗ್ಯಾಸ್ ಸಿಲಿಂಡರ್ ಪಕ್ಕದಲ್ಲೇ ಇತ್ತು.

ಗೋಡೆಯಲ್ಲಿ ಇನ್ನೊಂದು ಹಾಳೆ ಹುಡುಕಿ. ಪರಿಶೀಲನಾ ಮಂಡಳಿಯ ವಿಳಾಸ, ಫೋನ್ ನಂಬರನ್ನು ಎದ್ದು ಕಾಣುವಂತೆ ಹಾಕಬೇಕು. ಮಂಡಳಿಗೆ ಬರೆಯುವ ಅರ್ಜಿ ನಮೂನೆ ಕೊಡಬೇಕು, ಅಲ್ಲಿಗೆ ಉಚಿತವಾಗಿ ಫೋನ್ ಮಾಡಲು ಬಿಡಬೇಕು. ನಾನು ನೋಡಿದ ಜಾಗಗಳಲ್ಲಿ ಈ ಹಾಳೆ ಇದ್ದದ್ದು ಒಂದೇ ಕಡೆ. ನಾವು ಆರಿಸಿದ್ದೂ ಅದನ್ನೇ.

ಆಮೇಲೆ ಮೂರು ಪ್ರಶ್ನೆ ಕೇಳಿ. ಡಾಕ್ಟರ್ ಯಾರು, ವಾರದಲ್ಲಿ ಎಷ್ಟು ದಿನ ಬರುತ್ತಾರೆ? ರಾತ್ರಿ ಎರಡಕ್ಕೆ ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ, ಯಾವ ಗಾಡಿಯಲ್ಲಿ? ಡಾಕ್ಟರ್ ಬರೆದ ಮಾತ್ರೆ ಮುಂದುವರಿಸುತ್ತೀರಾ? ಕೊನೆಯದಕ್ಕೆ "ಇಲ್ಲಿ ಮಾತ್ರೆ ಇಲ್ಲ, ಬರೀ ಮನೋಬಲ" ಎಂದರೆ ಅಲ್ಲಿಗೇ ನಿಲ್ಲಿಸಿ. ಬ್ರೌನ್ ಶುಗರ್ ಎಂಬ ಹೆರಾಯಿನ್‌ನ ಚಟಕ್ಕೆ ಬ್ಯುಪ್ರೆನಾರ್ಫಿನ್ ತೆಗೆದುಕೊಳ್ಳುತ್ತಿರುವವರನ್ನು ಮಾತ್ರೆ ಬಿಡಿಸಿದರೆ ಮತ್ತೆ ಚಟಕ್ಕೆ ತಳ್ಳಿದಂತೆ. "ನಾನೇ ಕುಡಿತ ಬಿಟ್ಟವನು" ಎನ್ನುವ ಕೌನ್ಸೆಲರ್ ಒಳ್ಳೆಯದೇ, ಅವರ ಮಾತು ಬೇಗ ನಾಟುತ್ತದೆ. ಆದರೆ ಅದೊಂದೇ ಅರ್ಹತೆ ಸಾಲದು.

ಆರನೇ ಹೆಜ್ಜೆ: ದುಡ್ಡು

ಎಲ್ಲವೂ ರಸೀದಿಯಲ್ಲಿ. ಮಧ್ಯದಲ್ಲಿ ಹೊರಟರೆ ಎಷ್ಟು ವಾಪಸ್ ಎಂದು ಮೊದಲೇ ಬರೆಸಿ. ಆರು ತಿಂಗಳದ್ದು ಮುಂಗಡ ಕೊಡಬೇಡಿ. ಹೆಲ್ತ್ ಇನ್ಶೂರೆನ್ಸ್ ಇದೆ ಎಂದು ನೆಚ್ಚಿಕೊಂಡಿದ್ದರೆ ಪಾಲಿಸಿ ತೆಗೆದು ನೋಡಿ, ಚಟದ ಚಿಕಿತ್ಸೆಯನ್ನು ಹೊರಗಿಡುವ ಷರತ್ತು ತುಂಬ ಪಾಲಿಸಿಗಳಲ್ಲಿದೆ.

ಇಲ್ಲಿಗೆ ಕಳಿಸಿ ಎಂದವರಿಗೆ ಕಮಿಷನ್ ಇದೆಯಾ ಎಂದೂ ಯೋಚಿಸಿ. ಫ್ಲೋರಿಡಾದಲ್ಲಿ ಇದೇ ದೊಡ್ಡ ರೋಗವಾಗಿತ್ತು. ಜನರನ್ನು ತಂದುಕೊಟ್ಟವರಿಗೆ ದುಡ್ಡು, ಇನ್ಶೂರೆನ್ಸ್‌ಗೆ ಮೂತ್ರ ಪರೀಕ್ಷೆಯ ಬಿಲ್ ಮೇಲೆ ಬಿಲ್. ಚಟಕ್ಕೆ ಮರಳಿದರೆ ಮತ್ತೆ ಹೊಸ ಬಿಲ್, ಹಾಗಾಗಿ ಮರಳಿದರೇ ಲಾಭ. 2015ರಲ್ಲಿ ಆ ರಾಜ್ಯ ಸೋಬರ್ ಹೋಂಗಳಿಗೆ ಸರ್ಟಿಫಿಕೇಟ್ ಪದ್ಧತಿ ತಂದಿತು. ಕಡ್ಡಾಯ ಮಾಡಲಿಲ್ಲ, ಆದರೆ ಚಿಕಿತ್ಸಾ ಕೇಂದ್ರಗಳು ಸರ್ಟಿಫಿಕೇಟ್ ಇಲ್ಲದ ಮನೆಗೆ ಜನರನ್ನು ಕಳಿಸದಂತೆ ಕಟ್ಟಿಹಾಕಿತು. ದುಡ್ಡು ಬರುವ ಬಾಗಿಲಲ್ಲೇ ಕಾವಲು ಹಾಕಿದ ಉಪಾಯ ಅದು.

ಏಳನೇ ಹೆಜ್ಜೆ: ಸೇರಿದ ಮೇಲೆ ಸಂಪರ್ಕ ಬಿಡಬೇಡಿ

"ಮೊದಲ ಒಂದು ತಿಂಗಳು ಫೋನೂ ಇಲ್ಲ, ಭೇಟಿಯೂ ಇಲ್ಲ, ಅದು ರೂಲ್ಸ್" ಎನ್ನುತ್ತಾರೆ. ಹಾಗೆ ಸಾರಾಸಗಟಾಗಿ ಬಾಗಿಲು ಮುಚ್ಚುವಂತಿಲ್ಲ. ಫೋನ್, ಇಮೇಲ್, ಭೇಟಿ ಅವರ ಹಕ್ಕು. ಯಾರನ್ನು ನೋಡುವುದು ಬೇಡ ಎನ್ನುವುದೂ ಅವರದೇ ಹಕ್ಕು, ಇದನ್ನು ಮನೆಯವರು ಒಪ್ಪಿಕೊಳ್ಳಬೇಕು.

ವಾರಕ್ಕೊಮ್ಮೆ ಹೋಗಿ. ಕೌನ್ಸೆಲರ್ ಪಕ್ಕದಲ್ಲಿ ಕೂರದಂತೆ ಹತ್ತು ನಿಮಿಷ ಇಬ್ಬರೇ ಮಾತಾಡಿ. ಬಾಯಿ ಸುಳ್ಳು ಹೇಳಬಹುದು, ಮೈ ಹೇಳುವುದಿಲ್ಲ. ತೂಕ ಇಳಿದಿದೆಯಾ, ಮಣಿಕಟ್ಟಿನಲ್ಲಿ ಗುರುತಿದೆಯಾ, ಬಾಗಿಲ ಸದ್ದಿಗೆ ಬೆಚ್ಚುತ್ತಾರಾ ಗಮನಿಸಿ.

ಎಂಟನೇ ಹೆಜ್ಜೆ: ತಪ್ಪು ಕಂಡರೆ

ಹೊಡೆತ, ಬಂಧನ, ಜೀವಭಯ ಇದ್ದರೆ ಅರ್ಜಿ ಬರೆಯುತ್ತ ಕೂರಬೇಡಿ. 112ಕ್ಕೆ ಕರೆ ಮಾಡಿ. ಅಕ್ರಮವಾಗಿ ಕೂಡಿಹಾಕುವುದು ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಂ ಪ್ರಕಾರ ಅಪರಾಧ. ಪೊಲೀಸರು "ಮನೆಯವರೇ ಸೇರಿಸಿದ್ದಲ್ವಾ" ಎಂದು ಕೈ ತೊಳೆದುಕೊಂಡರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಉಚಿತ ವಕೀಲರು ಸಿಗುತ್ತಾರೆ. ಕೂಡಿಹಾಕಿದವರನ್ನು ಕೋರ್ಟಿನ ಮುಂದೆ ತರಿಸುವ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಬೆಂಗಳೂರಿನ ಹೈಕೋರ್ಟ್‌ಗೆ, ಇಲ್ಲವೇ ಅದರ ಧಾರವಾಡ ಅಥವಾ ಕಲಬುರಗಿ ಪೀಠಕ್ಕೆ ಹಾಕಬಹುದು.

ಸೇರಿಸಿದ್ದೇ ತಪ್ಪು ಅಥವಾ ಹಕ್ಕು ಮೀರಿದ್ದಾರೆ ಎಂದರೆ ಪರಿಶೀಲನಾ ಮಂಡಳಿಗೆ ಬರೆಯಿರಿ. ಒಳಗಿರುವವರು ಬರೆಯಬಹುದು, ಪ್ರತಿನಿಧಿ ಬರೆಯಬಹುದು, ಅವರು ಒಪ್ಪಿದರೆ ನೋಂದಾಯಿತ ಸಂಘಸಂಸ್ಥೆಯೂ ಬರೆಯಬಹುದು. ಶುಲ್ಕ ಇಲ್ಲ. 89ರ ಪ್ರಕಾರ ಸೇರಿಸಿದ್ದನ್ನು ಪ್ರಶ್ನಿಸಿದರೆ ಮಂಡಳಿ ಏಳು ದಿನದಲ್ಲಿ ತೀರ್ಮಾನ ಕೊಡಬೇಕು.

ಜಾಗವೇ ಸರಿಯಿಲ್ಲ, ನೋಂದಣಿಯೇ ಇಲ್ಲ ಎಂದರೆ ರಾಜ್ಯ ಪ್ರಾಧಿಕಾರಕ್ಕೆ. 68ನೇ ಕಲಂ ಪ್ರಕಾರ ಯಾರ ದೂರಿನ ಮೇಲೂ ತಪಾಸಣೆಗೆ ಆದೇಶಿಸಬಹುದು. ನೀವು ಸಂಬಂಧಿಕರೇ ಆಗಬೇಕಿಲ್ಲ, ಪಕ್ಕದ ಮನೆಯವರೂ ಆಗಬಹುದು. ನಿಮ್ಮ ಜಿಲ್ಲೆಯ ಆರೋಗ್ಯಾಧಿಕಾರಿ ಕಚೇರಿಗೂ ಒಂದು ಪ್ರತಿ ಕೊಟ್ಟು ಸೀಲು ಹಾಕಿಸಿಕೊಳ್ಳಿ.

ದೂರಿನಲ್ಲಿ "ಅಮಾನವೀಯ", "ನರಕ" ಎಂದೆಲ್ಲ ಬರೆಯಬೇಡಿ. ಇಂಥ ತಾರೀಕು, ಇಷ್ಟು ಗಂಟೆ, ಇಂಥ ಕೋಣೆ, ನೋಡಿದ್ದು ಇದು ಎಂದು ಬರೆಯಿರಿ. ಫೋಟೋ ತೆಗೆದರೆ ಬೇರೆಯವರ ಮುಖ ಬೀಳದಿರಲಿ, ಅವರಿಗೂ ಗೋಪ್ಯತೆಯ ಹಕ್ಕಿದೆ. ಗಾಯವಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಎಂಎಲ್‌ಸಿ (ಕಾನೂನು ಕ್ರಮಕ್ಕೆ ಬೇಕಾಗುವ ಗಾಯದ ವೈದ್ಯಕೀಯ ದಾಖಲೆ) ಮಾಡಿಸಿ.

ಹೊರಬರುವ ದಿನ

ಡಿಸ್ಚಾರ್ಜ್ ಪತ್ರ, ಮಾತ್ರೆ ಚೀಟಿ, ಪೂರ್ತಿ ಫೈಲಿನ ಪ್ರತಿ ಕೇಳಿ ಪಡೆಯಿರಿ. ವೈದ್ಯಕೀಯ ದಾಖಲೆ ನೋಡುವುದು ಅವರ ಹಕ್ಕು.

ಹೆರಾಯಿನ್ ಅಥವಾ ನೋವಿನ ಮಾತ್ರೆಗಳ ಚಟ ಇದ್ದವರಾದರೆ ಈ ದಿನಗಳೇ ಹೆಚ್ಚು ಅಪಾಯ. ತಿಂಗಳುಗಟ್ಟಲೆ ಬಿಟ್ಟ ಮೇಲೆ ಮೈಗೆ ಹಳೆಯ ತಾಳಿಕೆ ಇರುವುದಿಲ್ಲ. ಹಳೆಯ ಅಳತೆಯಲ್ಲೇ ಒಮ್ಮೆ ತೆಗೆದುಕೊಂಡರೂ ಉಸಿರು ನಿಲ್ಲಬಹುದು. ಇದನ್ನು ಅವರಿಗೂ ಮನೆಯವರಿಗೂ ಬಿಡಿಸಿ ಹೇಳಲು ಡಾಕ್ಟರಿಗೆ ಹೇಳಿ. ಮೊದಲ ವಾರದ ಅಪಾಯಿಂಟ್‌ಮೆಂಟನ್ನು ಅಲ್ಲಿಂದ ಹೊರಡುವ ಮುಂಚೆಯೇ ಬುಕ್ ಮಾಡಿ. ಹತ್ತಿರದಲ್ಲಿ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರು ಒಬ್ಬರಿಗೊಬ್ಬರು ಆಸರೆಯಾಗುವ) ಕೂಟ ಎಲ್ಲಿ, ಯಾವ ವಾರ ಎಂದು ಬರೆದುಕೊಳ್ಳಿ, ಅದಕ್ಕೆ ಫೀಸಿಲ್ಲ. ಮನೆಯಲ್ಲಿ ಉಳಿದ ಬಾಟಲಿಗಳನ್ನು ಅವರು ಬರುವ ಮುಂಚೆ ಖಾಲಿ ಮಾಡಿ, ಅಟ್ಟದ ಮೇಲಿನದ್ದನ್ನೂ ಸೇರಿಸಿ. ಮತ್ತೆ ಮನೆಯ ಒಂದು ಕೀಲಿ ಅವರಿಗೂ ಮಾಡಿಸಿ ಕೊಡಿ.